ಮುರಿಯದ ಮೂಳೆ

"ಮುರಿದಿಲ್ಲ," ಎಂದಳು ಬುರುಲ್.

ಶವಪರೀಕ್ಷೆಯ ಮೇಜಿನ ಆಚೆ ಬದಿಯಲ್ಲಿ ಡಾಕ್ಟರ್ ಎರ್ಮೆಕ್ ಕೈಗವಸಿನ ಬೆರಳುಗಳನ್ನು ಒಂದಕ್ಕೊಂದು ಹೆಣೆದುಕೊಂಡು ನಿಂತಿದ್ದ. ಆರು ವರ್ಷದ ಹಿಂದೆ ಪರೀಕ್ಷೆಯಲ್ಲಿ ಅವಳು ಪ್ರಶ್ನೆ ಕೇಳಿದಾಗಲೂ ಹೀಗೆಯೇ ನಿಂತಿದ್ದ.

"ಎಜೆ, ಎಕ್ಸ್‌ರೇ ನೀವೇ ನೋಡಿದ್ರಲ್ಲ. ಗಂಟಲ ಮೂಳೆಯ ಎಡಗಡೆ ಕೊಂಬು ಬೇರೆಯಾಗಿದೆ. ಮಧ್ಯೆ ಗೆರೆ ಕಾಣುತ್ತೆ."

"ಗೆರೆ ಇದ್ದಿದ್ದೆಲ್ಲ ಬಿರುಕೇನೋ? ನನ್ನ ಮುಖದಲ್ಲಿ ಎಷ್ಟು ಗೆರೆ ಇದೆ ನೋಡು. ನಾನೇನು ಒಡೆದು ಹೋಗಿದೀನಾ?"

ಎರ್ಮೆಕ್ ನಗಲಿಲ್ಲ.

ಆ ಗೆರೆಯನ್ನು ನಂಬಿ ಅವನು ಬರೆದುಕೊಟ್ಟ ಒಂದು ಸಾಲಿನಿಂದ ಜೂರಾ ಎಂಬ ಹೆಂಗಸು ಎರಡು ದಿನದಿಂದ ಠಾಣೆಯಲ್ಲಿ ಕೂತಿದ್ದಳು. ಮೇಜಿನ ಮೇಲೆ ಮಲಗಿದ್ದ ಒರೊಜಾಲಿ, ಎಪ್ಪತ್ತೆರಡರ ಲಾರಿ ಡ್ರೈವರ್, ಅವಳ ಗಂಡ. ಕತ್ತು ಹಿಸುಕಿ ಕೊಂದಳು ಎಂಬುದು ಆರೋಪ. ನಾಳೆ ಬೆಳಿಗ್ಗೆ ಅವಳನ್ನು ದೊಡ್ಡ ಜೈಲಿಗೆ ಸಾಗಿಸುವವರಿದ್ದರು. ಇವತ್ತು ಮಧ್ಯಾಹ್ನದ ನಮಾಜಿನ ಹೊತ್ತಿಗೆ ಹೆಣ ಊರು ಸೇರಬೇಕು, ಗುಂಡಿ ತೋಡಿಯಾಗಿದೆ. ಮಣ್ಣು ಬಿದ್ದ ಮೇಲೆ ಈ ಕತ್ತನ್ನು ಇನ್ನೊಮ್ಮೆ ನೋಡುವವರು ಯಾರೂ ಇಲ್ಲ.

ಬುರುಲ್ ಮೂವತ್ತನಾಲ್ಕು ವರ್ಷ ಶರೀರರಚನೆ ಕಲಿಸಿ ನಿವೃತ್ತಳಾದವಳು; ಅನುಮಾನದ ಸಾವುಗಳಿಗೆ ಈಗಲೂ ಅವಳನ್ನೇ ಕರೆಸುತ್ತಿದ್ದರು. ಜಿಲ್ಲೆಯ ಅರ್ಧ ಡಾಕ್ಟರುಗಳು ಅವಳ ಕೈಯಲ್ಲಿ ಬೈಸಿಕೊಂಡವರೇ. ಎಲ್ಲರಿಗೂ ಅವಳು ಎಜೆ, ಅಕ್ಕ. ಎರ್ಮೆಕ್ ಮಾತ್ರ ಅದಕ್ಕಿಂತ ಹೆಚ್ಚು ಹತ್ತಿರ. ಅವಳ ಗಂಡ ತೀರಿಕೊಂಡ ಮೇಲೆ ಪ್ರತಿ ಭಾನುವಾರ ಬಿಸಿ ರೊಟ್ಟಿ ಹಿಡಿದು ಬಾಗಿಲಿಗೆ ಬರುತ್ತಿದ್ದವನು ಅವನೊಬ್ಬನೇ. ತಮ್ಮನೊಬ್ಬ ಅವಳ ಮನೆಯಲ್ಲೇ ಇದ್ದ, ಆದರೆ ಅವನೂ ಲಾರಿ ಡ್ರೈವರು, ಯಾವಾಗಲೂ ದಾರಿಯಲ್ಲೇ.

"ಬಾ ಇಲ್ಲಿ. ಬೆರಳು ಕೊಡು."

ಅವನ ಬೆರಳು ಹಿಡಿದು ಮೂಳೆಯ ಮೇಲಿಟ್ಟಳು. ನಾಲಗೆಯ ಬುಡದಲ್ಲಿರುವ ಪುಟ್ಟ ಮೂಳೆ, ಕುದುರೆಯ ಲಾಳದ ಆಕಾರ. ಮೈಯ ಮೂಳೆಗಳೆಲ್ಲ ಒಂದಕ್ಕೊಂದು ಆತುಕೊಂಡಿರುತ್ತವೆ. ಇದೊಂದು ಮಾತ್ರ ಯಾವ ಮೂಳೆಗೂ ತಾಗದೆ ಸ್ನಾಯುಗಳ ಜೋಲಿಯಲ್ಲಿ ತೂಗುತ್ತದೆ. ನುಂಗುವುದಕ್ಕೂ ಮಾತಾಡುವುದಕ್ಕೂ ಇದು ಮೇಲೇಳಬೇಕು.

"ಅಲ್ಲಾಡಿಸು. ಹೇಗಿದೆ?"

"ಬಾಗಿಲ ಕೀಲಿನ ಹಾಗೆ... ಮೆತ್ತಗೆ ಆಡ್ತಿದೆ."

"ಮುರಿದ ಮೂಳೆ ಹಾಗೆ ಆಡಲ್ಲ, ಕರಕರ ಅನ್ನುತ್ತೆ. ತುದಿ ಚುಚ್ಚುತ್ತೆ. ಅಲ್ಲಿ ರಕ್ತ ಇರುತ್ತೆ. ರಕ್ತ ಎಲ್ಲಿ?"

ಎರ್ಮೆಕ್ ಬಾಗಿ ನೋಡಿದ. ಒಂದು ಹನಿಯೂ ಇರಲಿಲ್ಲ.

"ಕೆಲವರಲ್ಲಿ ಈ ಕೊಂಬು ಮೂಳೆಗೆ ಬೆಸೆಯೋದೇ ಇಲ್ಲ ಮಗನೇ. ಸಾಯೋ ತನಕ ಮೆಲ್ಲೆಲುಬಿನ ಕೀಲಾಗೇ ಉಳಿಯುತ್ತೆ. ಒರೊಜಾಲಿ ಹುಟ್ಟಿದಾಗಿಂದ ಹೀಗೇ ಇದ್ದ."

ಹುಡುಗ ಮೇಜಿನಿಂದ ಹಿಂದೆ ಸರಿದ. ಬುರುಲ್ ಅವನ ಮೊಣಕೈ ಹಿಡಿದುಕೊಂಡಳು. "ನಿನ್ನ ವಯಸ್ಸಲ್ಲಿ ನಾನು ಒಂದು ಮಗುವಿನ ಬೆಳೆಯೋ ಎಲುಬನ್ನ ಮುರಿದಿದೆ ಅಂತ ಬರೆದು, ಅದರಪ್ಪನ್ನ ಹನ್ನೊಂದು ದಿನ ಒಳಗೆ ಕೂರಿಸಿದ್ದೆ. ಇವತ್ತೂ ಅವನು ಎದುರಿಗೆ ಬಂದ್ರೆ ನಾನು ಬೀದಿ ದಾಟಿ ಆ ಕಡೆ ಹೋಗ್ತೀನಿ. ತಪ್ಪು ಮಾಡಿದೀಯ, ತಿದ್ದೋಣ. ಗುಂಡಿ ಮುಚ್ಚೋದ್ರೊಳಗೆ ತಿದ್ದಿದ್ರೆ ಸಾಕು."

"ಕತ್ತಿನ ಮೇಲಿರೋ ಬೆರಳ ಗುರುತು?"

ಅದನ್ನು ಅವಳು ಆಗಲೇ ನೋಡಿದ್ದಳು. ಗದ್ದದ ಕೆಳಗೆ ಎಡಕ್ಕೆ ಒಂದು ಹೆಬ್ಬೆರಳು, ಬಲಕ್ಕೆ ಎರಡು ಬೆರಳು. ಒಂದು ಕಲೆ ನೀಲಿ. ಅದರಂಚಿಗೆ ಇನ್ನೊಂದು ಹಸಿರು. ಅದರ ಕೆಳಗೆ ಮತ್ತೊಂದು, ಹಣ್ಣಾದ ಎಲೆಯಂತೆ ಹಳದಿ.

"ಇದು ಸತ್ತ ದಿನದ್ದು, ಇದು ಅದಕ್ಕೆ ಐದು ದಿನ ಹಿಂದಿನದು, ಇದು ಹತ್ತು ದಿನ ಹಿಂದಿನದು. ಒಬ್ಬನ್ನ ಹತ್ತು ದಿನ ದಿನಾ ಕೊಲ್ಲೋಕಾಗುತ್ತಾ? ಲಕ್ವ ಹೊಡೆದ ಮೇಲೆ ರಕ್ತ ತೆಳುವಾಗೋ ಮಾತ್ರೆ ನುಂಗ್ತಿದ್ದ. ಮುಟ್ಟಿದ್ರೆ ಸಾಕು, ಕಲೆ ಬೀಳುತ್ತೆ." ಬುರುಲ್ ಕನ್ನಡಕ ಸರಿಪಡಿಸಿಕೊಂಡಳು. "ಸರಿ. ಶ್ವಾಸನಾಳ ನೋಡಿದೆಯಾ?"

"ನೋಡಿದೆ. ಖಾಲಿ ಇತ್ತು."

"ಅದರ ಬಾಗಿಲು? ಮೇಲೆ, ಮುಚ್ಚಳದ ಹಿಂದೆ?"

ಅವನು ಗೋಡೆಯ ಗಡಿಯಾರದ ಕಡೆ ನೋಡಿದ. "ಹೊತ್ತಾಯ್ತು ಎಜೆ. ವ್ಯಾನ್ ಕಾಯ್ತಿದೆ. ಮೂಳೆ ಮುರಿದಿಲ್ಲ ಅಂತ ಬರೆದ್ರೆ ಸಾಕಲ್ವಾ?"

"ಸಾಯೋದಕ್ಕೆ ಒಂದು ಕಾರಣ ಬೇಕಲ್ಲಪ್ಪ."

ಅವಳೇ ಕತ್ತರಿ ತೆಗೆದುಕೊಂಡಳು. ಗಂಟಲನ್ನು ಹಿಂಬದಿಯಿಂದ ಮೆಲ್ಲನೆ ಬಿಡಿಸಿದಳು. ಅನ್ನಕ್ಕೊಂದು ದಾರಿ, ಉಸಿರಿಗೊಂದು ದಾರಿ. ಎರಡೂ ಕವಲೊಡೆಯುವ ಕಡೆ ಧ್ವನಿಪೆಟ್ಟಿಗೆಯ ಬಾಯಿ. ಆ ಬಾಯಿಗೆ ಬಿರಡೆ ಹಾಕಿದಂತೆ ಬಿಳಿಯದೊಂದು ಕೂತಿತ್ತು.

ಚಿಮುಟದಲ್ಲಿ ಹಿಡಿದು ತಟ್ಟೆಗೆ ಹಾಕಿದಳು. ಟಕ್ ಎಂದು ಸದ್ದಾಯಿತು.

ಕುರುತ್. ಮೊಸರು ಹಿಂಡಿ, ಉಪ್ಪು ಹಾಕಿ, ಉಂಡೆ ಕಟ್ಟಿ ಒಣಗಿಸಿದ್ದು. ಮೇಲ್ಮೈ ಕರಗಿ ನುಣುಪಾಗಿತ್ತು, ಒಳಗೆ ಇನ್ನೂ ಕಲ್ಲು.

"ಐದು ತಿಂಗಳಿಂದ ಸೋಸಿದ ಸೂಪು ನುಂಗೋಕೂ ಒದ್ದಾಡ್ತಿದ್ದವನ ಬಾಯಿಗೆ ಇದನ್ನ ಹಾಕಿದ್ದು ಯಾರು?" ಎಂದಳು ಬುರುಲ್.

ಎರ್ಮೆಕ್ ಕಿಟಕಿಯ ಹತ್ತಿರ ಹೋಗಿ, ಹೊರಗಿನ ಹಳದಿ ಪಾಪ್ಲರ್ ಮರಗಳನ್ನು ನೋಡುತ್ತ ನಿಂತುಬಿಟ್ಟ. ಪಾಪ, ಅವಮಾನವಾಗಿದೆ ಎಂದುಕೊಂಡು ಬುರುಲ್ ಅವನನ್ನು ಅವನ ಪಾಡಿಗೆ ಬಿಟ್ಟಳು.

*

ಠಾಣೆಯಲ್ಲಿ ತನಿಖಾಧಿಕಾರಿ ತಾಶ್ತಾನ್ ಸೂರ್ಯಕಾಂತಿ ಬೀಜ ಜಗಿಯುತ್ತ ಕೂತಿದ್ದ. ಗಟ್ಟಿ ಮೈ, ಸಣ್ಣ ಕಣ್ಣು, ಒಳ್ಳೆಯ ಮನಸ್ಸು. ಅದನ್ನು ಮುಚ್ಚಿಡಲು ದಿನವಿಡೀ ಕಷ್ಟಪಡುವವನು.

"ಎಜೆ, ನೀವು ಏನೇ ಹೇಳಿ. ಅವಳೇ ಒಪ್ಕೊಂಡಿದಾಳೆ. ‘ಅವರ ಪ್ರಾಣ ಹೋದಾಗ ನನ್ನ ಕೈ ಅವರ ಕತ್ತಿನ ಮೇಲಿತ್ತು’ ಅಂತ ಬರೆದು ಸಹಿ ಹಾಕಿದಾಳೆ."

"ನನ್ನ ಗಂಡನ ಕತ್ತಿನ ಮೇಲೂ ಇಪ್ಪತ್ತೆಂಟು ವರ್ಷ ನನ್ನ ಕೈ ಇತ್ತು. ನನ್ನನ್ನೂ ಒಳಗೆ ಹಾಕು. ಅವಳನ್ನ ಕರ್ಕೊಂಡು ಬಾ, ಜೊತೆಗೆ ಒಂದು ಬಟ್ಟಲು ಸೂಪು, ಒಂದು ಚಮಚ."

"ಸೂಪಾ?"

"ಹಸಿವಾಗಿದೆ ನನಗೆ."

ಜೂರಾ ಒಳಗೆ ಬಂದಳು. ಐವತ್ತೆಂಟು ವರ್ಷ, ಶಾಲೆಯ ಅಡುಗೆಯವಳು, ಅಗಲ ಅಂಗೈ. ಒರೊಜಾಲಿಗೂ ಅವಳಿಗೂ ಮದುವೆಯಾಗಿ ನಾಲ್ಕೇ ವರ್ಷ, ಇಬ್ಬರಿಗೂ ಎರಡನೆಯದು. ಗಂಡ ಸತ್ತವಳು ಅಂಗಳದಲ್ಲಿ ಸೂತಕಕ್ಕೆಂದು ಹಾಕಿದ ಗುಡಾರದಲ್ಲಿ ಗೋಡೆಗೆ ಮುಖ ಮಾಡಿ ಅಳಬೇಕಾದ ಹೊತ್ತಿನಲ್ಲಿ ಅವಳನ್ನು ಬೆಂಚಿನ ಮೇಲೆ ಕೂರಿಸಿದ್ದರು. ತಲೆಗೆ ಕಟ್ಟಲು ಕಪ್ಪು ಬಟ್ಟೆಯನ್ನೂ ಯಾರೂ ಕೊಟ್ಟಿರಲಿಲ್ಲ.

"ಜೂರಾ, ನಿನ್ನ ಕೈ ಅವರ ಕತ್ತಿನ ಮೇಲಿತ್ತು ಅಂದ್ಯಂತೆ. ಹೇಗಿತ್ತು? ತೋರಿಸು."

"ಯಾರ ಮೇಲೆ ತೋರಿಸ್ಲಿ?"

"ನನ್ನ ಮೇಲೆ."

ಬುರುಲ್ ತನ್ನ ಕತ್ತಿನ ಸ್ಕಾರ್ಫ್ ಬಿಚ್ಚಿದಳು. ಅವಳು ಅದನ್ನು ಬೇರೆಯವರ ಮುಂದೆ ಬಿಚ್ಚಿ ವರ್ಷಗಳಾಗಿದ್ದವು. ಹದಿನೇಳರಲ್ಲಿ ಗಳಗಂಡ ತೆಗೆಸಿದ ಕಲೆ ಕಾಲರ್ ಮೂಳೆಯ ಮೇಲೆ ಅಡ್ಡಕ್ಕೆ, ತೆಳು ಸರದಂತೆ ಮಲಗಿತ್ತು. ತಾಶ್ತಾನ್ ಕಣ್ಣು ಪಕ್ಕಕ್ಕೆ ತಿರುಗಿಸಿದ.

ಜೂರಾ ಹತ್ತಿರ ಬಂದು ಕೂತಳು. ಚಮಚದಲ್ಲಿ ಅರ್ಧದಷ್ಟೇ ಸೂಪು ತುಂಬಿ, ತನ್ನ ತುಟಿಗೆ ತಾಗಿಸಿ ಬಿಸಿ ನೋಡಿದಳು. ಹೆಬ್ಬೆರಳನ್ನು ದವಡೆಯ ಎಡಕ್ಕೆ, ಎರಡು ಬೆರಳನ್ನು ಬಲಕ್ಕೆ ಇಟ್ಟು ಗದ್ದವನ್ನು ಎದೆಯ ಕಡೆ ಬಾಗಿಸಿದಳು.

"ತಲೆ ಹಿಂದಕ್ಕೆ ಚೆಲ್ಲಬಾರದು, ಆಗ ಗಾಳಿ ದಾರಿಗೆ ಹೋಗ್ಬಿಡುತ್ತೆ. ಹೀಗೆ. ಈಗ ಬಾಯಿ ಮುಚ್ಚಿ. ನುಂಗಿ ನನ್ನ ದೊರೆ, ನುಂಗಿ."

ಗದ್ದದ ಕೆಳಗಿನಿಂದ ಗಂಟಲ ಗುಬುಟಿನ ಮೇಲೆ ಎರಡು ಬೆರಳು ಮೆಲ್ಲನೆ ಇಳಿದವು. ಕಲೆ ಸಿಕ್ಕಲ್ಲಿ ನಿಂತು, ಅದನ್ನು ಬಳಸಿಕೊಂಡು ಕೆಳಗೆ ಹೋದವು.

"ನೋವಾಯ್ತಾ?"

"ಇಲ್ಲ," ಎಂದಳು ಬುರುಲ್. ಯಾವ ನರ, ಯಾವ ಸ್ನಾಯು, ಯಾವುದರ ನಂತರ ಯಾವುದು ಎಂದು ಸಾವಿರಾರು ಮಕ್ಕಳಿಗೆ ಪಾಠ ಹೇಳಿದ್ದಳು. ಒಂದು ಬೆರಳು ಕೇಳಿಕೊಂಡರೆ ಗಂಟಲು ತಾನಾಗಿ ಮೇಲೇಳುತ್ತದೆ ಎಂಬುದು ಅವಳಿಗೆ ಗೊತ್ತಾದದ್ದು ಅರವತ್ತೊಂದನೆಯ ವಯಸ್ಸಿನಲ್ಲಿ.

"ಒಂದು ಬಟ್ಟಲಿಗೆ ಒಂದು ಗಂಟೆ ಬೇಕಾಗೋದು ಎಜೆ," ಎಂದಳು ಜೂರಾ. "ದಿನಕ್ಕೆ ಮೂರು ಬಟ್ಟಲು. ನುಂಗಿದಾಗ ಗುಟುಕ್ ಅಂತ ಕೈಗೆ ತಿಳಿಯೋದು. ಆ ಗುಟುಕಿಗೋಸ್ಕರ ಕಾಯ್ತಾ ಕೂರ್ತಿದ್ದೆ. ಅವತ್ತು ಹಸು ಕರೆದು, ಬಟ್ಟೆ ಒಗೆಯೋಕೆ ಕಾಲುವೆಗೆ ಹೋಗಿದ್ದೆ. ಬಂದು ನೋಡ್ತೀನಿ, ಮುಖ ನೀಲಿ. ಬಾಯಲ್ಲಿ ಏನೋ ಸಿಕ್ಕಿರಬೇಕು ಅಂತ ಗಂಟಲು ಸವರಿದೆ, ಸವರಿದೆ. ನುಂಗಿ ನುಂಗಿ ಅಂದೆ. ಗುಟುಕು ಬರಲಿಲ್ಲ."

ಬೀಜ ಜಗಿಯುವ ಸದ್ದು ಯಾವಾಗಲೋ ನಿಂತಿತ್ತು.

"ಮನೇಲಿ ಕುರುತ್ ಇತ್ತಾ?"

"ಕುರುತ್ ಅಂದ್ರೆ ಅವರಿಗೆ ಪ್ರಾಣ. ಲಾರಿ ಓಡಿಸೋವಾಗ ಜೇಬು ತುಂಬ ಇಟ್ಕೊಳ್ತಿದ್ರಂತೆ. ಡಾಕ್ಟ್ರು ಗಟ್ಟಿ ಪದಾರ್ಥ ಬೇಡ ಅಂದ ದಿನಾನೇ ಚೀಲ ಪೂರ್ತಿ ಪಕ್ಕದ ಮನೆಗೆ ಕೊಟ್ಬಿಟ್ಟೆ. ಕಣ್ಣಿಗೆ ಬಿದ್ರೆ ಆಸೆಪಡ್ತಾರೆ, ಬಾಯಿ ಬಿಟ್ಟು ಕೇಳೋಕೂ ಆಗಲ್ಲ ಪಾಪ."

"ಮಾತು ಪೂರ್ತಿ ಹೋಗಿತ್ತಾ?"

"ಐದು ತಿಂಗಳು ಒಂದಕ್ಷರ ಇಲ್ಲ. ಬಲಗೈಯೂ ಇಲ್ಲ. ಬರೀ ಕಣ್ಣು."

ಬುರುಲ್ ತಾಶ್ತಾನ್ ಕಡೆ ತಿರುಗಿದಳು. ಅವನು ಕಾಗದ ತೆರೆದು ಓದಿದ: ಒಂಬತ್ತರಿಂದ ಒಂಬತ್ತೂವರೆ ತನಕ ಕಾಲುವೆಯ ಹತ್ತಿರ ಜೂರಾಳನ್ನು ಮೂವರು ಹೆಂಗಸರು ನೋಡಿದ್ದಾರೆ. ಒಂಬತ್ತೂಮುಕ್ಕಾಲಿಗೆ ಅವಳು ಮನೆಗೆ ಬಂದು ಕಿರುಚಿದ್ದು ಪಕ್ಕದವರಿಗೆ ಕೇಳಿದೆ. ಮನೆಯ ಒಂದೇ ಒಂದು ಫೋನು ಅವಳ ಜೇಬಿನಲ್ಲೇ ಇತ್ತು.

"ಮತ್ತೆ ಇವಳ ಮೇಲೆ ದೂರು ಕೊಟ್ಟಿದ್ದು ಯಾರು?"

"ಮಗಳು, ಶಾಯಿರ್. ಅದೇ ಊರಿನ ಅಂಚೆ ಕಚೇರಿಯಲ್ಲಿರೋಳು."

ಬುರುಲ್ ಬರೆದುಕೊಟ್ಟಳು: ಮೂಳೆ ಮುರಿದಿಲ್ಲ, ಕತ್ತು ಹಿಸುಕಿಲ್ಲ, ಉಸಿರಿನ ದಾರಿಗೆ ಕುರುತ್ ಅಡ್ಡ ಬಂದು ಸಾವು. ತಾಶ್ತಾನ್ ಎರಡು ಸಲ ಓದಿ ಮಡಚಿಟ್ಟ.

"ಹಾಗಾದ್ರೆ ಕುರುತ್ ಕೊಟ್ಟೋರನ್ನ ಹುಡುಕೋದು ನನ್ನ ತಲೆನೋವು."

"ನಿನ್ನ ತಲೆನೋವೇ. ಆದ್ರೆ ಇವಳು ಗಂಡನ ಜೊತೆ ಊರಿಗೆ ಬರಬೇಕು. ಈಗಲೇ."

"ಕಾನೂನು ಪ್ರಕಾರ..."

"ತಾಶ್ತಾನ್."

"ಸರಿ ಎಜೆ, ಸರಿ. ಹೀಗೆ ಹೆಸರು ಕರೀಬೇಡಿ, ನಮ್ಮಮ್ಮ ಕರೆದಂಗಾಗುತ್ತೆ."

*

ಹೆಣದ ವ್ಯಾನು ಮುಂದೆ, ತಾಶ್ತಾನನ ಕಾರು ಹಿಂದೆ. ಹೆಣ ಹೊರಲು ಒಬ್ಬ ಬೇಕೆಂದು ಎರ್ಮೆಕ್ ವ್ಯಾನಿನಲ್ಲೇ ಬಂದ. ಕೋಕ್-ಬುಲಾಕ್ ಊರು ಸೇರುತ್ತಲೇ, ಅಂಗಳದ ಗುಡಾರದ ಮುಂದೆ ಕೋಲೂರಿ ನಿಂತಿದ್ದ ಗಂಡಸರು "ಅಯ್ಯೋ ನನ್ನಪ್ಪಾ, ಬೆಟ್ಟದಂಥ ನನ್ನಪ್ಪಾ" ಎಂದು ದನಿಯೆತ್ತಿದರು. ಒಳಗಿನಿಂದ ಹೆಂಗಸರ ಹಾಡಳು, ಸತ್ತವರನ್ನು ಹಾಡಿಕೊಂಡು ಅಳುವ ಅಳು, ಅದಕ್ಕೆ ಬಂದು ಸೇರಿತು.

ಜೂರಾ ಕಾರಿನ ಬಾಗಿಲು ತೆಗೆದಳು. ಗುಡಾರದ ಬಾಗಿಲಿನ ಉಣ್ಣೆಯ ಪರದೆ ಸರಿಸಿ ಶಾಯಿರ್ ಅಡ್ಡ ನಿಂತಳು. ನಲವತ್ತರ ಹೆಂಗಸು, ಅಪ್ಪನದೇ ದವಡೆ.

"ಅವಳು ಒಳಗೆ ಬರೋ ಹಾಗಿಲ್ಲ. ಅದು ನಮ್ಮಮ್ಮನ ಜಾಗ."

ಅಳು ನಿಂತಿತು. ಜೂರಾ ಹೊರಗಿಟ್ಟ ಕಾಲನ್ನು ಮತ್ತೆ ಕಾರಿನೊಳಗೆ ಎಳೆದುಕೊಂಡಳು. ಆ ಕಾಲನ್ನು ನೋಡಿ ಬುರುಲ್‌ಗೆ ಸಿಟ್ಟು ನೆತ್ತಿಗೇರಿತು. ಆದರೂ ಶಾಯಿರ್ ಹತ್ತಿರ ಹೋದಾಗ ಅವಳ ದನಿ ಮೆತ್ತಗೇ ಇತ್ತು.

"ನಿಮ್ಮಪ್ಪನ ಕತ್ತನ್ನ ನೋಡಿ ಬಂದವಳು ನಾನು. ಎರಡು ನಿಮಿಷ ಒಳಗೆ ಕೂತು ಮಾತಾಡೋಣ."

ಗುಡಾರದ ಒಂದು ಮೂಲೆಯಲ್ಲಿ ಇಬ್ಬರೂ ಕೂತರು. ಉಳಿದ ಹೆಂಗಸರು ಬೆನ್ನು ತಿರುಗಿಸಿ ಕಿವಿ ಇತ್ತಲೇ ಇಟ್ಟುಕೊಂಡರು. ಬುರುಲ್ ಕೈಚೀಲದಿಂದ ಪೊಟ್ಟಣ ತೆಗೆದು ಬಿಚ್ಚಿದಳು.

"ಇದು ಅವರ ಗಂಟಲಲ್ಲಿತ್ತು. ಯಾರೂ ಕತ್ತು ಹಿಸುಕಿಲ್ಲ."

ಶಾಯಿರ್ ಅದನ್ನು ನೋಡಿದಳು. ಮುಟ್ಟಲು ಬೆರಳು ಚಾಚಿ ಹಿಂದಕ್ಕೆ ತೆಗೆದುಕೊಂಡಳು.

"ಸುಳ್ಳು. ಅವಳನ್ನ ಉಳಿಸೋಕೆ ಹೇಳ್ತಿದೀರ."

"ಅವಳು ನಿಮ್ಮಪ್ಪನಿಗೆ ಒಂದು ಬಟ್ಟಲು ಸೂಪು ಕುಡಿಸೋಕೆ ಒಂದು ಗಂಟೆ ಗಂಟಲು ಸವರ್ತಾ ಕೂರ್ತಿದ್ದಳು. ಕಲೆ ಬಿದ್ದಿದ್ದು ಅದಕ್ಕೆ. ಅವತ್ತು ಬೆಳಿಗ್ಗೆ ಕುರುತ್ ತಂದಿದ್ದು ನೀನಾ?"

"ನಾನಾ?" ಅವಳ ಗಂಟಲ ನರ ಉಬ್ಬಿತು. "ನಾನು ಎಂಟಕ್ಕೇ ಕಚೇರಿಯಲ್ಲಿದ್ದೆ. ಸಾಲು ನಿಂತವರೆಲ್ಲ ನೋಡಿದಾರೆ. ನಾಲ್ಕು ವರ್ಷದಿಂದ ಆ ಮನೆ ಹೊಸಿಲು ತುಳಿದಿಲ್ಲ ನಾನು. ತರಬೇಕಾಗಿತ್ತು. ತರಲಿಲ್ಲ!"

ಕೊನೆಯ ಮಾತು ಬಾಯಿಂದ ಜಾರಿಬಿಟ್ಟಿತ್ತು. ಅವಳೇ ಬೆಚ್ಚಿದಳು.

ಬುರುಲ್ ಪೊಟ್ಟಣ ಮಡಚಿಟ್ಟಳು.

"ಅಪ್ಪ ಫೋನ್ ಮಾಡಿದ್ರು," ಎಂದಳು ಶಾಯಿರ್. "ಅವತ್ತು, ಒಂಬತ್ತೂ ಹತ್ತಕ್ಕೆ."

"ಅವರಿಗೆ ಮಾತೇ ಇರಲಿಲ್ಲ."

"ಇತ್ತು! ತೊದಲ್ತಿದ್ರು. ಒಂದೊಂದೇ ಮಾತು, ಕಲ್ಲು ಎತ್ತಿಡೋ ಹಾಗೆ. ‘ಮಗಳೇ’ ಅಂದ್ರು. ‘ಕುರುತ್ ತಾ’ ಅಂದ್ರು. ಐದು ತಿಂಗಳಾದ ಮೇಲೆ ಅಪ್ಪನ ದನಿ, ಡಾಕ್ಟ್ರೇ. ನಾನು ಏನಂದೆ ಗೊತ್ತಾ? ‘ನಿನ್ನ ಹೊಸಾ ಹೆಂಡ್ತೀನ ಕೇಳು’ ಅಂತ ಫೋನ್ ಇಟ್ಟೆ. ಅವಳೇ ಪಕ್ಕದಲ್ಲಿ ಕೂತು ಆಡಿಸ್ತಿದಾಳೆ ಅನ್ನಿಸ್ತು. ಮುಕ್ಕಾಲು ಗಂಟೆಗೆ ಸುದ್ದಿ ಬಂತು. ಯಾರನ್ನಾದ್ರೂ ದೂರಲೇಬೇಕಿತ್ತು ನಾನು. ನನ್ನನ್ನೇ ದೂರ್ಕೊಳ್ಳೋಕೆ ಧೈರ್ಯ ಬರಲಿಲ್ಲ."

ಅವಳು ಬಿಕ್ಕಿದಳು. ಬುರುಲ್ ಅವಳ ತಲೆಯನ್ನು ತನ್ನ ಹೆಗಲಿಗೆ ಎಳೆದುಕೊಂಡಳು. ಕಿವಿಯ ಹಿಂದಿನಿಂದ ಎದೆಗೆ ಇಳಿಯುವ ಸ್ನಾಯು ಹಗ್ಗದಂತೆ ಬಿಗಿದಿತ್ತು. ಅದು ಸಡಿಲಾಗುವ ತನಕ ಅವಳು ಅಲ್ಲಿಂದ ಕೈ ತೆಗೆಯಲಿಲ್ಲ.

"ಪಕ್ಕದಲ್ಲಿದ್ದದ್ದು ಜೂರಾ ಅಲ್ಲಮ್ಮ. ಅವಳು ಕಾಲುವೆ ಹತ್ತಿರ ಇದ್ದಳು, ಫೋನೂ ಅವಳ ಹತ್ತಿರಾನೇ ಇತ್ತು. ನೋಡಿದವರಿದಾರೆ."

ಶಾಯಿರ್ ತಲೆಯೆತ್ತಿದಳು. ಮೂಗು ಒರೆಸಿಕೊಂಡಳು. ಏನನ್ನೋ ತೀರ್ಮಾನಿಸಿದವಳಂತೆ ಎದ್ದು, ಗಂಟಿನಿಂದ ಕಪ್ಪು ಬಟ್ಟೆಯೊಂದನ್ನು ಎಳೆದು, ಯಾರ ಮುಖವನ್ನೂ ನೋಡದೆ ಹೊರಗೆ ನಡೆದಳು. ಕಾರಿನ ಬಳಿ ಬಗ್ಗಿ ಆ ಬಟ್ಟೆಯನ್ನು ಜೂರಾಳ ತಲೆಗೆ ತಾನೇ ಕಟ್ಟಿದಳು. ಜೂರಾ ಏನೋ ಅಂದಳು. ಏನೆಂದು ಇಲ್ಲಿಗೆ ಕೇಳಿಸಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಗುಡಾರಕ್ಕೆ ಬಂದರು. ಕೂತಿದ್ದ ಹೆಂಗಸರು ಸರಿದು ಜಾಗ ಮಾಡಿಕೊಟ್ಟರು.

ಜೂರಾಳನ್ನು ಗೋಡೆಯ ಪಕ್ಕ ಕೂರಿಸಿ ಶಾಯಿರ್ ಬುರುಲ್ ಬಳಿ ಬಂದಳು.

"ಹಾಗಾದ್ರೆ ಅಪ್ಪನ ಕಿವಿಗೆ ಫೋನ್ ಹಿಡಿದಿದ್ದು ಯಾರು? ಯಾರದೋ ಉಸಿರು ಕೇಳಿಸ್ತಿತ್ತು. ನಂಬರ್ ನನಗೆ ಗೊತ್ತಿರೋದಲ್ಲ. ಇನ್ನೂ ಇದೆ, ನೋಡಿ."

ಬುರುಲ್ ಫೋನ್ ಕೈಗೆ ತೆಗೆದುಕೊಂಡು, ಕನ್ನಡಕ ಹಾಕಿಕೊಂಡು ನೋಡಿದಳು. ಬೆಳಿಗ್ಗೆ ಒಂಬತ್ತು ಹತ್ತು. ಅದರ ಕೆಳಗೆ ಅಂಕಿಗಳು.

ಓದುವ ಅಗತ್ಯವಿರಲಿಲ್ಲ. ಮಂಡಿ ನೋವು ಹೆಚ್ಚಾದಾಗ, ದೀಪ ಕೆಟ್ಟಾಗ, ಗಂಡನ ಗೋರಿಗೆ ಹೋಗಬೇಕೆನಿಸಿದಾಗ, ಆರು ವರ್ಷದಿಂದ ಅವಳ ಬೆರಳು ತಾನಾಗಿ ಒತ್ತುತ್ತಿದ್ದ ನಂಬರ್ ಅದು.

ಪರದೆ ಸರಿಸಿ ಹೊರಗೆ ಬಂದಳು. ಅಂಗಳದ ಆಚೆ ತುದಿಯಲ್ಲಿ ಎರ್ಮೆಕ್ ಹಿತ್ತಾಳೆ ಹೂಜಿ ಹಿಡಿದು ಮುದುಕರ ಕೈಗೆ ನೀರು ಹಾಕುತ್ತಿದ್ದ. ಒಬ್ಬೊಬ್ಬರಿಗೂ ಬಗ್ಗಿ, ಹೆಗಲ ಮೇಲಿನ ಟವಲು ಕೊಟ್ಟು, ಮುಂದಿನವರ ಕಡೆ ಹೋಗುತ್ತಿದ್ದ. ಅವಳನ್ನು ನೋಡಿದ. ಅವಳ ಕೈಯಲ್ಲಿದ್ದ, ಅವಳದಲ್ಲದ ಫೋನನ್ನೂ ನೋಡಿದ.

ಹೂಜಿಯನ್ನು ನೆಲದ ಮೇಲಿಟ್ಟು, ನೆಟ್ಟಗೆ ಅವಳತ್ತ ನಡೆದು ಬಂದ.

"ಮೂಳೆ ಮುರಿದಿದೆ ಅಂತ ಬರೆದಿದ್ದು ತಪ್ಪಾಗಿ ಅಲ್ಲ ಅಲ್ವಾ?" ಎಂದಳು ಬುರುಲ್. ಅವಳ ದನಿಯಲ್ಲಿ ಬೈಗುಳ ಇರಲಿಲ್ಲ. ಅದನ್ನು ಕೇಳಿಯೇ ಅವನು ಹೇಳತೊಡಗಿದ.

"ಲಕ್ವ ಹೊಡೆದಾಗ ಆಸ್ಪತ್ರೆಯಲ್ಲಿ ಪರಿಚಯವಾದವರು. ಎರಡು ತಿಂಗಳಿಂದ ಜೂರಾ ಕಾಲುವೆಗೆ ಹೋದಾಗಲೆಲ್ಲ ಬಂದು ಅವರಿಗೆ ಮಾತು ಕಲಿಸ್ತಿದ್ದೆ. ಅವಳಿಗೆ ಅಚ್ಚರಿ ಕೊಡಬೇಕು, ಮೊದಲು ಅವಳ ಹೆಸರು ಹೇಳಬೇಕು ಅಂತ ಅವರ ಆಸೆ. ಅವತ್ತು ಮಗಳ ಜೊತೆ ಮಾತಾಡಿಸಿ, ಅವರು ಅಳ್ತಿದ್ದಾಗ ನೀರು ತರೋಕೆ ಹೊರಗೆ ಹೋದೆ. ವಾಪಸ್ ಬಂದಾಗ ಬಾಯಲ್ಲಿ ಕುರುತ್ ಇತ್ತು. ತೆಗೆಯೋಕಾಗಲಿಲ್ಲ ಎಜೆ. ನಾನು ಡಾಕ್ಟ್ರು, ನನ್ನ ಕೈಲಿ ತೆಗೆಯೋಕಾಗಲಿಲ್ಲ."

"ಹಾಕಿದ್ದು ಯಾರು?"

"ಹಿತ್ತಲ ಬಾಗಿಲಿಂದ ಹೋಗ್ತಿದ್ದವರ ಬೆನ್ನು ನೋಡಿದೆ."

"ಗುರುತು ಸಿಕ್ತಾ?"

ಎರ್ಮೆಕ್ ತನ್ನ ಅಂಗಿಯ ಕಾಲರನ್ನು ಎಳೆದು ಸಡಿಲ ಮಾಡಿಕೊಂಡ. ಗುಡಾರದೊಳಗೆ ಹೆಂಗಸರ ಹಾಡಳು ಮತ್ತೆ ಶುರುವಾಯಿತು. ಈ ಸಲ ಅದರಲ್ಲಿ ಜೂರಾಳ ದನಿಯೂ ಇತ್ತು.

"ಸಿಕ್ತು. ಅದಕ್ಕೇ ಸುಳ್ಳು ಬರೆದೆ," ಎಂದ ಅವನು. "ಅವರು ನಿಮ್ಮ ಮನೆಯಿಂದ ಬಂದವರು, ಎಜೆ. ಇವರ ಜೊತೆ ಲಾರಿ ಓಡಿಸ್ತಿದ್ದ ನಿಮ್ಮ ತಮ್ಮ."